ಅಪಘಾತ: ಕಾಣದ ಗಾಯಕ್ಕೂ ಪರಿಹಾರವಿದೆ, ದಾಖಲೆ ಎಲ್ಲಿದೆ?

2021ರ ಜನವರಿ 15ರಂದು ಧಾರವಾಡ ಸಮೀಪದ ಇಟ್ಟಿಗಟ್ಟಿ ಬಳಿ, ಆಗ ಎರಡೇ ಪಥವಿದ್ದ ಬೈಪಾಸ್‌ನಲ್ಲಿ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ತಂಡವದು. 2022ರ ಮೇ ತಿಂಗಳಲ್ಲಿ ಇದೇ ಬೈಪಾಸ್‌ನ ತಾರಿಹಾಳ ಬಳಿ ಬಸ್ಸು ಮತ್ತು ಲಾರಿ ಡಿಕ್ಕಿಯಾಗಿ ಹಲವರು ಬಲಿಯಾದರು. ಇಂತಹ ದುರಂತಗಳ ನಂತರದ ಚರ್ಚೆ ರಸ್ತೆಯ ಅಗಲ ಮತ್ತು ಸತ್ತವರ ಸಂಖ್ಯೆಯ ಸುತ್ತಲೇ ನಡೆಯುತ್ತದೆ. ಬದುಕುಳಿದವರ ಮನಸ್ಸಿಗಾದ ಗಾಯ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಿದ್ದೆಯಲ್ಲಿ ಬೆಚ್ಚಿಬೀಳುವುದು, ಅಪಘಾತದ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ವಾಹನ ಹತ್ತಲು ಅಂಜುವುದು, ಸಣ್ಣ ಸದ್ದಿಗೂ ನಡುಗುವುದು- ತಿಂಗಳು ಕಳೆದರೂ ಇವು ಮುಂದುವರಿದರೆ ವೈದ್ಯರು ಆಘಾತೋತ್ತರ ಮಾನಸಿಕ ಒತ್ತಡದ ಕಾಯಿಲೆಯನ್ನು ಶಂಕಿಸುತ್ತಾರೆ. ಆದರೆ ಮನೆಮಂದಿ ಇದನ್ನು ‘ಅಂಜಿಕೆ’ ಎಂದು ತಳ್ಳಿಹಾಕುವುದೇ ಹೆಚ್ಚು.

ಈ ವಿಷಯದಲ್ಲಿ ಕಾನೂನು ಸಮಾಜಕ್ಕಿಂತ ಮುಂದಿದೆ. ಆರ್.ಡಿ. ಹಟ್ಟಂಗಡಿ ಪ್ರಕರಣದ 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಗಿರುವ ಹಾಗೂ ಮುಂದೆ ಆಗಬಹುದಾದ ಮಾನಸಿಕ ಆಘಾತವನ್ನೂ ಪರಿಹಾರದ ಲೆಕ್ಕಕ್ಕೆ ಸೇರಿಸಿತು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2010) ನೋವು, ಯಾತನೆಯ ಜತೆಗೆ ಆಘಾತವನ್ನೂ ಪರಿಹಾರದ ಶೀರ್ಷಿಕೆಗಳಲ್ಲಿ ಒಂದಾಗಿ ಪಟ್ಟಿ ಮಾಡಿತು. ವೈಕಲ್ಯದ ಶೇಕಡಾವಾರು ಪ್ರಮಾಣವೊಂದೇ ಮುಖ್ಯವಲ್ಲ. ಅದರಿಂದ ದುಡಿಮೆಗೆ ಎಷ್ಟು ಧಕ್ಕೆಯಾಗಿದೆ ಎಂಬುದನ್ನು ನೋಡಬೇಕು ಎಂಬುದು ಅದೇ ತೀರ್ಪಿನ ಸಾರ. ಕಾಲಿನ ಮೂಳೆ ಕೂಡಿದರೂ ಸ್ಟೀರಿಂಗ್ ಹಿಡಿಯಲು ಧೈರ್ಯ ಸಾಲದ ಲಾರಿ ಚಾಲಕನಿಗೆ ಈ ತತ್ವ ಬಹು ಮುಖ್ಯ.

ಹಾಗಾದರೆ ತೊಡಕು ಎಲ್ಲಿದೆ? ಸಾಕ್ಷ್ಯದಲ್ಲಿ. ಭವಿಷ್ಯದ ಗಳಿಕೆಯ ನಷ್ಟ, ಮುಂದಿನ ಚಿಕಿತ್ಸಾ ವೆಚ್ಚ ಮುಂತಾದವುಗಳನ್ನು ನೀಡಲು ನಿರ್ದಿಷ್ಟ ವೈದ್ಯಕೀಯ ಸಾಕ್ಷ್ಯ ಬೇಕು ಎಂದೂ 2010ರ ತೀರ್ಪು ಹೇಳಿದೆ. ಆಸ್ಪತ್ರೆಯ ಗಾಯ ಪ್ರಮಾಣಪತ್ರದಲ್ಲಿ ಮೂಳೆ ಮುರಿತ, ಹೊಲಿಗೆಗಳ ವಿವರವಿರುತ್ತದೆ. ಮನಸ್ಸಿನ ಸ್ಥಿತಿಯ ಉಲ್ಲೇಖವಿರುವುದಿಲ್ಲ. ಮನೋವೈದ್ಯರ ದಾಖಲೆ ಇಲ್ಲದಿದ್ದಾಗ, ‘ನೋವು ಮತ್ತು ಯಾತನೆ’ ಎಂಬ ಒಂದೇ ಇಡಿಗಂಟಿನಲ್ಲಿ ಎಲ್ಲವೂ ಕರಗಿಹೋಗುತ್ತದೆ.

ಕಾಲಮಿತಿ ಇನ್ನೊಂದು ತೊಡಕು. 2019ರ ತಿದ್ದುಪಡಿಯ ಮೂಲಕ ಬಂದು 2022ರ ಏಪ್ರಿಲ್ 1ರಂದು ಜಾರಿಯಾದ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆನ್ನುತ್ತದೆ. ಮಾನಸಿಕ ಆಘಾತದ ಲಕ್ಷಣಗಳು ಕೆಲವರಲ್ಲಿ ಆರು ತಿಂಗಳ ನಂತರವೇ ಪೂರ್ಣವಾಗಿ ಪ್ರಕಟವಾಗುತ್ತವೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಈ ಕಲಮಿನ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದಕ್ಕಿಂತ ಅವಧಿಯೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮ.

ಮೈಗೆ ಗಾಯವೇ ಆಗದೆ ಮನಸ್ಸು ಮಾತ್ರ ಘಾಸಿಗೊಂಡವರ ಸ್ಥಿತಿ ಇನ್ನೂ ಕಷ್ಟ. ಕಾಯ್ದೆಯ 165ನೇ ಕಲಂ ಸಾವು ಮತ್ತು ‘ದೈಹಿಕ ಗಾಯ’ದ ಮಾತನ್ನಾಡುತ್ತದೆ. ಇಂಗ್ಲೆಂಡಿನಲ್ಲಿ, ಮನೆಯಲ್ಲಿದ್ದ ತಾಯಿಯೊಬ್ಬಳು ಅಪಘಾತದ ಸುದ್ದಿ ಕೇಳಿ ಆಸ್ಪತ್ರೆಗೆ ಧಾವಿಸಿ, ತನ್ನವರ ಸ್ಥಿತಿ ಕಂಡು ಅನುಭವಿಸಿದ ಆಘಾತಕ್ಕೆ ಪರಿಹಾರ ಸಲ್ಲಬೇಕೆಂದು ಹೌಸ್ ಆಫ್ ಲಾರ್ಡ್ಸ್ 1982ರಲ್ಲೇ ತೀರ್ಪಿತ್ತಿತ್ತು. ನಮ್ಮ ಕಾಯ್ದೆಯಲ್ಲಿಯೂ ಇಷ್ಟು ಸ್ಪಷ್ಟತೆ ಬರಬೇಕಾಗಿದೆ.

ಅವಳಿ ನಗರಕ್ಕೆ ಈ ವಿಷಯದಲ್ಲಿ ವಿಶೇಷ ಅನುಕೂಲವಿದೆ. ಅಪಘಾತದ ಗಾಯಾಳುಗಳು ಬರುವ ಕಿಮ್ಸ್ ಹುಬ್ಬಳ್ಳಿಯಲ್ಲಿದೆ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಡಿಮ್ಹಾನ್ಸ್ ಧಾರವಾಡದಲ್ಲಿದೆ. ಅಪಘಾತ ಪರಿಹಾರ ನ್ಯಾಯಮಂಡಳಿಗಳು ಎರಡೂ ಕಡೆ ಇವೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವೂ ಧಾರವಾಡದಲ್ಲಿದೆ. ಕೊರತೆ ಇರುವುದು ಇವುಗಳ ನಡುವಣ ಕೊಂಡಿಯದು. ಗಂಭೀರ ಅಪಘಾತದ ಗಾಯಾಳುವಿಗೆ ಬಿಡುಗಡೆಗೆ ಮುನ್ನ ಒಮ್ಮೆ, ಎರಡು-ಮೂರು ತಿಂಗಳ ನಂತರ ಮತ್ತೊಮ್ಮೆ ಮಾನಸಿಕ ತಪಾಸಣೆ ನಡೆಸಿ ವರದಿ ಕೊಡುವ ವ್ಯವಸ್ಥೆಗೆ ಹೊಸ ಕಾಯ್ದೆಯೇನೂ ಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ವೈಕಲ್ಯವೆಂದು ಗುರುತಿಸಿದ್ದು, ಅದನ್ನು ಅಳೆಯುವ ಮಾನದಂಡವೂ ಬಳಕೆಯಲ್ಲಿದೆ.

ಸಂತ್ರಸ್ತರು ಮಾಡಬೇಕಾದದ್ದೂ ಇದೆ. ಲಕ್ಷಣ ಕಂಡ ಕೂಡಲೇ ಮನೋವೈದ್ಯರನ್ನು ಕಾಣುವುದು, ಔಷಧ ಚೀಟಿ ಮತ್ತು ರಸೀದಿಗಳನ್ನು ಕಾದಿಡುವುದು, ಅರ್ಜಿಯಲ್ಲಿ ಮಾನಸಿಕ ಆಘಾತವನ್ನು ಪ್ರತ್ಯೇಕವಾಗಿ ನಮೂದಿಸುವುದು, ಚಿಕಿತ್ಸೆ ನೀಡಿದ ವೈದ್ಯರ ಸಾಕ್ಷ್ಯ ಕೊಡಿಸುವುದು ಅಗತ್ಯ. ಮನೋವೈದ್ಯರ ಬಳಿ ಹೋದರೆ ಜನ ಏನೆಂದಾರು ಎಂಬ ಸಂಕೋಚಕ್ಕೆ ತೆರುವ ಬೆಲೆ ಆರೋಗ್ಯವಷ್ಟೇ ಅಲ್ಲ, ನ್ಯಾಯಬದ್ಧವಾಗಿ ಸಿಗಬೇಕಾದ ಪರಿಹಾರವೂ ಹೌದು. ಬೈಪಾಸ್ ಅಗಲವಾದರೆ ನಾಳಿನ ಅಪಘಾತಗಳು ತಗ್ಗಬಹುದು. ಈಗಾಗಲೇ ನೊಂದವರಿಗೆ ಬೇಕಿರುವುದು ಅವರ ನೋವನ್ನು ದಾಖಲಿಸುವ ಒಂದು ವೈದ್ಯಕೀಯ ವರದಿ.