ಜಾವಾ ಬಳಗದಲ್ಲಿ ಬೇರೆ ಬೈಕಿನವರಿಗೆ ಜಾಗವುಂಟೆ?

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ಮೋಟಾರ್‌ಸೈಕಲ್ ಒಡೆಯರು ತಮ್ಮ ಹಬ್ಬವೆಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಅಂದು ಹಳೆಯ ಜಾವಾ, ಯೆಜ್ಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಜೋಡಿ ಸೈಲೆನ್ಸರುಗಳ ಸದ್ದು, ಸುಟ್ಟ ಎಣ್ಣೆಯ ವಾಸನೆ, ಮಿರಿಮಿರಿ ಮಿಂಚುವ ಟ್ಯಾಂಕುಗಳು. ಆದರೆ ಈಚಿನ ವರ್ಷಗಳಲ್ಲಿ ಈ ಸಂಭ್ರಮದ ಜೊತೆಗೊಂದು ಪ್ರಶ್ನೆಯೂ ಸೇರಿಕೊಂಡಿದೆ. ಹಳೆಯ ಜಾವಾ ಇಲ್ಲದವರು ಈ ಬಳಗಕ್ಕೆ ಸೇರಬಹುದೆ? ಹೊಸ ಜಾವಾ ಕೊಂಡವರು ಯಾವ ಲೆಕ್ಕ? ಬೇರೆಯದೇ ಕಂಪನಿಯ ಬೈಕಿನಲ್ಲಿ ಬಂದವರನ್ನು ಸಾಲಿನ ಕೊನೆಯಲ್ಲಾದರೂ ನಿಲ್ಲಿಸಿಕೊಳ್ಳಬೇಕೆ?

ನವಲಗುಂದ, ಅಣ್ಣಿಗೇರಿಗಳ ರೈತ ಆ ಹೊತ್ತಿಗೆ ಹೆಸರಿನ ಹೊಲದಲ್ಲಿ ಎಡೆ ಹೊಡೆಯುತ್ತಿರುತ್ತಾನೆ. ಪಟ್ಟಣದವರ ಹವ್ಯಾಸದ ಜಗಳ ತನಗೇಕೆ ಎಂದು ಅವನು ಕೇಳಿದರೆ ತಪ್ಪಿಲ್ಲ. ಆದರೂ ಅವನ ಮನೆಯ ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಅಪ್ಪನ ಕಾಲದ ಯೆಜ್ಡಿಯೊಂದು ಇದ್ದರೆ, ಈ ಪ್ರಶ್ನೆ ಅವನ ಅಂಗಳಕ್ಕೂ ಬಂತೆಂದೇ ಅರ್ಥ.

ಜಾವಾ ಕಥೆ ಕರ್ನಾಟಕದ್ದೂ ಹೌದು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ ಕೆಲಸ ಆರಂಭಿಸಿದ್ದು 1961ರಲ್ಲಿ. ಅಂದಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ತಯಾರಾಗುತ್ತಿದ್ದ ಬೈಕುಗಳು 1970ರ ದಶಕದ ಮೊದಲ ಭಾಗದಲ್ಲಿ ಯೆಜ್ಡಿ ಎಂಬ ಹೆಸರು ತಳೆದವು. ಬಳಿಕ ರೋಡ್‌ಕಿಂಗ್ ಬಂತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಮಾರುಕಟ್ಟೆಗಿಳಿದ ಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಬೈಕಿನತ್ತ ಜನ ವಾಲಿದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು.

ಒಡೆಯರ ಬಳಗಗಳು ಏಕೆ ಹುಟ್ಟುತ್ತವೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಕಾರ್ಖಾನೆ ಮುಚ್ಚಿದೊಡನೆ ಬಿಡಿಭಾಗಗಳ ಹರಿವು ನಿಂತಿತು. ಪಿಸ್ಟನ್ ರಿಂಗ್ ಎಲ್ಲಿ ಸಿಗುತ್ತದೆ, ಕ್ಲಚ್ ಪ್ಲೇಟ್ ಯಾರ ಬಳಿ ಉಳಿದಿದೆ, ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕು ಎಂಬ ತಿಳಿವಳಿಕೆ ಬಾಯಿಂದ ಬಾಯಿಗೆ ದಾಟಬೇಕಾಯಿತು. ಈ ಬೈಕಿನಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ಕರ್ ಕೂಡ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ, ಎಡಗಾಲಿನಿಂದ ಒದೆಯಬೇಕು. ಗೊತ್ತಿಲ್ಲದವನು ಬೆಳಗಿನಿಂದ ಬೈಗಿನವರೆಗೆ ಹುಡುಕಿದರೂ ಕಿಕ್ಕರ್ ಕಾಣಿಸದು! ಇಂಥ ಗುಟ್ಟು ಬಲ್ಲವರು ತಮ್ಮನ್ನು ಒಂದು ಒಕ್ಕಲೆಂದು ಭಾವಿಸಿದರೆ ಅಚ್ಚರಿಯೇನಿಲ್ಲ. ಬೇರೆ ಮಾದರಿಯವರನ್ನು ಸೇರಿಸಿಕೊಳ್ಳಲು ಅವರು ಹಿಂದೆಮುಂದೆ ನೋಡುವುದು ಗರ್ವದಿಂದಲೇ ಎನ್ನಲಾಗದು. ಇರುವ ನಾಲ್ಕು ಬಿಡಿಭಾಗಗಳ ಮಾತಿಗೆ ನಾನೂರು ಜನ ಕುಳಿತರೆ ಮಾತು ಎತ್ತಲೋ ಹೋಗುತ್ತದೆ ಎಂಬ ಅಳುಕು ಅವರದು.

ತೊಡಕು ಬಿಗಿಯಾದದ್ದು 2018ರ ನವೆಂಬರ್‌ನಲ್ಲಿ. ಮಹೀಂದ್ರಾ ಸಮೂಹದ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕುಗಳನ್ನು ತಂದಿತು. ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ ಈ ಸಾಹಸದಲ್ಲಿ ಭಾಗಿ. ನೋಟ ಹಳೆಯದು, ಎರಡು ಸೈಲೆನ್ಸರುಗಳೂ ಉಳಿದಿವೆ. ಆದರೆ ಎಂಜಿನ್ ಫೋರ್ ಸ್ಟ್ರೋಕ್, 293 ಸಿಸಿ, ತಣಿಸುವುದಕ್ಕೆ ರೇಡಿಯೇಟರ್. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಮರಳಿತು. ಆ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತ್ತು. ಅದು ಸಮಾಪನೆಯಲ್ಲಿರುವ ಐಡಿಯಲ್ ಜಾವಾಕ್ಕೆ ಸೇರಿದ್ದೆಂದು ಏಕಸದಸ್ಯ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು. ವಿಷಯ ಮೇಲ್ಮನವಿಗೂ ಹೋಯಿತು. ಹೆಸರಿನ ಒಡೆತನವನ್ನು ನಿರ್ಧರಿಸಲು ನ್ಯಾಯಾಲಯಕ್ಕೇ ಇಷ್ಟು ಪಡಿಪಾಟಲಾದರೆ, ಭಾನುವಾರ ಸೇರುವ ಬಳಗವೊಂದು ಟ್ಯಾಂಕಿನ ಮೇಲಿನ ಅಕ್ಷರ ನೋಡಿ ಸದಸ್ಯತ್ವ ತೀರ್ಮಾನಿಸುವುದೆಂತು?

ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಜಾವಾ ಎಂಬ ಹೆಸರೇ ಬೆರಕೆಯದು. 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಪಡೆದು ತಯಾರಿಕೆಗಿಳಿದಾಗ, ತಮ್ಮ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿದರು. ಅಂದರೆ ಜಾವಾದ ಮೊದಲ ಬೈಕೇ ಇನ್ನೊಬ್ಬರ ಮಾದರಿ. ಮೈಸೂರಿನಲ್ಲಿ ಯೆಜ್ಡಿ ಬಂದಾಗಲೂ ಅದು ಹೆಸರಿನಲ್ಲಿ ಬೇರೆಯೇ ಆಗಿತ್ತು. ಇಂದು ಜಾವಾ ದಿನದಲ್ಲಿ ಯೆಜ್ಡಿಯವರನ್ನು ಹೊರಗಿನವರೆಂದು ಯಾರೂ ಕರೆಯುವುದಿಲ್ಲ. ಬೇರೆ ಮಾದರಿಗೆ ಬಾಗಿಲು ಒಮ್ಮೆ ತೆರೆದಾಗಿದೆ. ಚರ್ಚೆ ಈಗಿರುವುದು ಎಷ್ಟು ಅಗಲ ತೆರೆಯಬೇಕೆಂಬುದರ ಬಗ್ಗೆ ಮಾತ್ರ.

ಅಮೆರಿಕದ ಹಾರ್ಲೆ ಡೇವಿಡ್‌ಸನ್ ಕಂಪನಿ 1983ರಲ್ಲಿ ತನ್ನ ಒಡೆಯರ ಸಂಘ ಕಟ್ಟಿದಾಗ, ಪೂರ್ಣ ಸದಸ್ಯತ್ವವನ್ನು ಹಾರ್ಲೆ ಇದ್ದವರಿಗೆ ಮೀಸಲಿಟ್ಟು, ಹಿಂಬದಿ ಸವಾರರಿಗೆ, ಮನೆಮಂದಿಗೆ ಸಹ ಸದಸ್ಯತ್ವ ನೀಡಿತು. ಅದು ಮಾರುವ ಕಂಪನಿಯ ಲೆಕ್ಕಾಚಾರ. ಮೈಸೂರಿನ ಹಳೆಯ ಜಾವಾಕ್ಕೆ ಅಂಥ ಕಂಪನಿಯ ಬೆಂಬಲವಿಲ್ಲ. ಅದರ ಸಂಖ್ಯೆ ಇಳಿಯಬಲ್ಲುದೇ ಹೊರತು ಏರಲಾರದು. ಗುಜರಿಗೆ ಹೋದ ಪ್ರತಿ ಬೈಕಿನೊಂದಿಗೆ ಒಬ್ಬ ಸದಸ್ಯ ಕಡಿಮೆ ಎಂಬ ನಿಯಮವಿಟ್ಟರೆ ಬಳಗದ ಆಯುಷ್ಯವನ್ನು ಬೆರಳೆಣಿಸಿ ಹೇಳಬಹುದು.

ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ನೋಡಿದರೆ ಈ ವಿಷಯಕ್ಕೆ ಮತ್ತೊಂದು ಮುಖವಿದೆ. ಇಲ್ಲಿ ಬೈಕು ಹವ್ಯಾಸವಲ್ಲ, ಬದುಕಿನ ಸಾಧನ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಗೆ ಹೋಗುವ ಮಕ್ಕಳು ಎಲ್ಲವೂ ಅದರ ಮೇಲೆಯೇ. ನವಲಗುಂದದ ಎರೆ ಭೂಮಿಯಲ್ಲಿ ಮಳೆ ಹನಿದರೆ ಸಾಕು, ಅಂಟು ಮಣ್ಣು ಮಡ್‌ಗಾರ್ಡಿನೊಳಗೆ ಸೇರಿ ಗಾಲಿ ತಿರುಗದಂತಾಗುತ್ತದೆ. ನೂರು ಮಾರಿಗೊಮ್ಮೆ ಇಳಿದು ಕಡ್ಡಿಯಿಂದ ಕೆರೆಯಬೇಕು. ಕಲಘಟಗಿಯತ್ತ ಹೊರಳಿದರೆ ಕೆಂಪು ಮಣ್ಣು, ಕಾಡಿನಂಚಿನ ತಿರುವು. ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ನವಲಗುಂದ, ಹುಬ್ಬಳ್ಳಿ, ಕಲಘಟಗಿಗಳನ್ನು ಒಂದೇ ದಾರದಲ್ಲಿ ಪೋಣಿಸಿ ಅಂಕೋಲೆಗೆ ಇಳಿಯುತ್ತದೆ. ಬೈಕ್ ಬಳಗಗಳಿಗೆ ಇದು ಕರಾವಳಿ ಪ್ರವಾಸದ ದಾರಿ. ಅದೇ ರಸ್ತೆಯಲ್ಲಿ ದಿನವೂ ಸ್ಪ್ಲೆಂಡರ್ ಓಡಿಸುವ ಕುಂದಗೋಳ ಸೀಮೆಯ ಹುಡುಗನನ್ನು ‘ರೈಡರ್’ ಎಂದು ಯಾರೂ ಕರೆಯುವುದಿಲ್ಲ. ಪಂಕ್ಚರ್ ಆದ ಜಾವಾವನ್ನು ಗ್ಯಾರೇಜಿಗೆ ತಲುಪಿಸಲು ಮಾತ್ರ ಅವನೇ ಬೇಕಾಗುತ್ತಾನೆ. ಎಂಥ ವಿಪರ್ಯಾಸ!

ಮೆಕ್ಯಾನಿಕ್‌ನ ಮಾತು ಇನ್ನೂ ಮುಖ್ಯ. ಹಳೆಯ ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಕೂಡಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಅಂಥ ಮೇಸ್ತ್ರಿಯ ಸ್ವಂತ ವಾಹನ ಜಾವಾ ಆಗಿರಬೇಕೆಂದೇನೂ ಇಲ್ಲ. ಮಾದರಿಯನ್ನೇ ಅಳತೆಗೋಲಾಗಿಸಿದರೆ, ಬಳಗದ ಬೈಕುಗಳನ್ನೆಲ್ಲ ಜೀವಂತವಾಗಿಟ್ಟವನೇ ಹೊರಗುಳಿಯುತ್ತಾನೆ.

ಬಯಲುಸೀಮೆಯಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಮೆರವಣಿಗೆ ಹೊರಡುತ್ತದೆ. ಕಿಲಾರಿ ಜೋಡಿ ಕಟ್ಟಿದವನಿಗೆ ಹೆಮ್ಮೆ ಹೆಚ್ಚು, ಜನರ ಕಣ್ಣೂ ಅತ್ತಲೇ. ಹಾಗೆಂದು ಸಾದಾ ಎತ್ತಿನವನನ್ನು ಅಗಸೆಯಿಂದ ಹಿಂದಕ್ಕೆ ಕಳಿಸುವ ರೂಢಿಯಿಲ್ಲ. ಯಾವ ಎತ್ತು ಕಿಲಾರಿ, ಯಾವುದಲ್ಲ ಎಂಬುದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಬೈಕ್ ಬಳಗಗಳಿಗೂ ಈ ವಿವೇಕ ಸಲ್ಲುತ್ತದೆ. ಸವಾರಿ, ಊಟ, ರಕ್ತದಾನ ಶಿಬಿರಗಳಿಗೆ ಯಾವ ಬೈಕಾದರೇನು? ಬಿಡಿಭಾಗಗಳ ಹಂಚಿಕೆಯಲ್ಲಿ, ಹಳೆಯ ಬೈಕುಗಳ ಪ್ರದರ್ಶನದಲ್ಲಿ ಮೈಸೂರು ಜಾವಾದವರ ಮಾತೇ ಮೊದಲಾಗಿರಲಿ. ಹೊಸ ಜಾವಾ ಕೊಂಡವರೂ ತಮ್ಮದು ಹಳೆಯದರ ಮುಂದುವರಿಕೆಯೆಂದು ಹಟ ಹಿಡಿಯದೆ, ಅದರ ನೆಂಟಸ್ತಿಕೆಯಷ್ಟನ್ನೇ ಹೇಳಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಸಂಖ್ಯೆ ಬೇಕಾಗುವುದು ಸರ್ಕಾರದೆದುರು ನಿಂತಾಗ. ಹದಿನೈದು ವರ್ಷ ಮೀರಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 2021ರ ಜುಲೈನಲ್ಲಿ ಪ್ರಕಟವಾದ ವಿಂಟೇಜ್ ವಾಹನ ನಿಯಮಗಳು ಐವತ್ತು ವರ್ಷ ದಾಟಿದವುಗಳಿಗೆ ಮಾತ್ರ ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮೇಲಾಗಿ ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೊಲಕ್ಕೆ ಹೋಗಿಬರುವ ರೈತನಿಗೆ ಈ ಸವಲತ್ತು ಇದ್ದೂ ಇಲ್ಲದಂತೆ. ಅಣ್ಣಿಗೇರಿಯ ಯಾವುದೋ ಕೊಟ್ಟಿಗೆಯಲ್ಲಿ 1995ರಲ್ಲಿ ನೋಂದಣಿಯಾದ ರೋಡ್‌ಕಿಂಗ್ ನಿಂತಿದ್ದರೆ, ಅದಕ್ಕೆ ಐವತ್ತು ತುಂಬುವುದು 2045ರಲ್ಲಿ. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಅದನ್ನು ಓಡಿಸಿಕೊಂಡು ಹೋಗಬೇಕು. ಹೋಗುವ ಮುನ್ನ ಕ್ಲಚ್ ಪ್ಲೇಟು, ರಿಂಗು ಹೊಂದಿಸಿ ಅದನ್ನು ಎಬ್ಬಿಸಬಲ್ಲ ಯಾರಾದರೊಬ್ಬರು ಹುಬ್ಬಳ್ಳಿಯಲ್ಲಿ ಉಳಿದಿರಬೇಕು.