ಗುಡುಗುವ ಗೀಸರು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಐದೂವರೆ ಗಂಟೆಯ ಸಮಯ. ಬಚ್ಚಲುಮನೆಯಿಂದ ದೂರದ ಗುಡುಗಿನಂತೆ, ನಡುನಡುವೆ ಜೋಳ ಹುರಿದಂತೆ ಸದ್ದು ಕೇಳಿಬಂದಿತು. ಗೋಡೆಯ ಮೇಲಿನ ಗೀಸರು! ಸ್ನಾನಕ್ಕೆ ಹೊರಟಿದ್ದ ಅಮ್ಮ ಬಾಗಿಲಲ್ಲಿಯೇ ನಿಂತುಬಿಟ್ಟರು. “ಇದು ಸಿಡಿಯುತ್ತೆ ಕಣೋ. ನಮ್ಮ ತಾಮ್ರದ ಹಂಡೆ ನಲವತ್ತು ವರ್ಷ ಉರಿ ತಿಂದರೂ ಒಂದು ದಿನ ಹೀಗೆ ಅರಚಲಿಲ್ಲ” ಎಂದರು.

ಪಕ್ಕದ ಮನೆಯ ರಾಯರು ಪರೀಕ್ಷೆಗೆ ಬಂದರು. ಗೀಸರಿನ ಕೆಳಗಿನ ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ತೋರಿಸಿ, “ಎಲ್ಲಾ ಇದರದೇ ಕಾರಬಾರು, ಸ್ವಾಮಿ. ಒಂದು ಬೆಣೆ ಹೊಡೆದು ಮುಚ್ಚಿಬಿಡಿ” ಎಂದು ಸಲಹೆಯಿತ್ತರು. ನಾನು ಬೆಣೆಯನ್ನು ಹುಡುಕಲೂ ಹೊರಟಿದ್ದೆ! ಅಷ್ಟರಲ್ಲಿ ರಿಪೇರಿಯ ಹುಡುಗ ಬಂದದ್ದು ನಮ್ಮ ಪುಣ್ಯ. ಬೆಣೆಯ ಮಾತು ಕೇಳಿ ಅವನ ಮುಖ ಬಿಳಿಚಿತು.

ಸದ್ದಿನ ಮೂಲ ಯಂತ್ರದಲ್ಲಿಲ್ಲ, ನೀರಿನಲ್ಲಿದೆ. ಕೊಳವೆ ಬಾವಿಯ ನೀರು ಕಲ್ಲುಮಣ್ಣಿನ ನಡುವೆ ಹಾದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟುಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರು ದೊರೆಯದ ಕಡೆ 600ರವರೆಗೆ ವಿನಾಯಿತಿಯುಂಟು. ಇಂತಹ ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಸುಲಭವಾಗಿ ಕರಗದ ಕಾರ್ಬೊನೇಟಾಗಿ, ಎಲಿಮೆಂಟಿನ ಮೈಮೇಲೆ ಬಿಳಿಯ ಪದರವಾಗಿ ಕುಳಿತುಕೊಳ್ಳುತ್ತದೆ. ಆ ಪದರದ ಸಂದುಗಳಲ್ಲಿ ಸಿಕ್ಕಿಬಿದ್ದ ನೀರು ಅಲ್ಲಿಯೇ ಕುದಿದು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆಯು ಹೊರಗಿನ ತಣ್ಣನೆಯ ನೀರನ್ನು ಸೇರಿದೊಡನೆ ಕುಸಿದುಬೀಳುತ್ತದೆ. ಲೆಕ್ಕವಿಲ್ಲದಷ್ಟು ಗುಳ್ಳೆಗಳ ಈ ಹುಟ್ಟು ಸಾವುಗಳೇ ನಾವು ಕೇಳುವ ಗುಡುಗು. ಒಲೆಯ ಮೇಲಿನ ಪಾತ್ರೆ ಕುದಿಯುವ ಮುನ್ನ ಗುಂಯ್‌ಗುಡುವುದೂ ಇಂತಹ ಗುಳ್ಳೆಗಳಿಂದಲೇ.

ಈ ಸದ್ದಿನಿಂದಲೇ ಅಪಾಯವಿಲ್ಲ. ಆದರೆ ಪದರದ ಕಂಬಳಿ ಹೊದ್ದ ಎಲಿಮೆಂಟು ಅತಿಯಾಗಿ ಕಾದು, ಬಹುಬೇಗ ಸುಟ್ಟುಹೋಗುತ್ತದೆ.

ನಿಜವಾದ ಅಪಾಯವಿದ್ದುದು ರಾಯರ ಬೆಣೆಯಲ್ಲಿ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 2 ಕಿಲೋವಾಟ್ ಗೀಸರಿಗೆ ಸುಮಾರು 35 ನಿಮಿಷ ಬೇಕು. ಅಷ್ಟರಲ್ಲಿ ನೀರು ಹಿಗ್ಗಿ, ಒಂದು ದೊಡ್ಡ ಲೋಟದಷ್ಟು ಹೆಚ್ಚಾಗುತ್ತದೆ. ಒಳಬಂದ ನೀರು ಹಿಂದಿರುಗದಂತೆ ತಡೆಯಿರುವ ಗೀಸರಿನಲ್ಲಿ ಈ ಹೆಚ್ಚಿನ ನೀರಿಗೆ ಸೇಫ್ಟಿ ವಾಲ್ವೇ ದಾರಿ. ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ತನ್ನ ಕರ್ತವ್ಯವನ್ನು ಮಾಡುತ್ತಿದೆಯೆಂದೇ ಅರ್ಥ. ಸದಾ ಸುರಿಯುತ್ತಿದ್ದರೆ ವಾಲ್ವನ್ನು ಬದಲಾಯಿಸಬೇಕು, ಎಂದಿಗೂ ಮುಚ್ಚಬಾರದು. ಮುಚ್ಚಿದ ಮೇಲೆ ಥರ್ಮೋಸ್ಟಾಟೂ ಕೈಕೊಟ್ಟರೆ ತೊಟ್ಟಿ ಸಿಡಿಯಬಹುದು.

ಹುಡುಗನು ಮೊದಲು ಮೇನ್ ಸ್ವಿಚ್ಚನ್ನು ಆರಿಸಿದನು. ನೀರು ತಣಿದ ಮೇಲೆ ಒಳಬರುವ ನೀರನ್ನು ನಿಲ್ಲಿಸಿ, ತೊಟ್ಟಿಯನ್ನು ಬರಿದು ಮಾಡಿ, ಎಲಿಮೆಂಟನ್ನು ಕಳಚಿದನು. ಅದು ಸುಣ್ಣದಲ್ಲದ್ದಿದ ಕೊಂಬೆಯಂತಿತ್ತು. ಅದನ್ನು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿದ ನೀರಿನಲ್ಲಿ ನೆನೆಹಾಕಿದಾಗ ಬುರುಬುರು ನೊರೆಯೆದ್ದು ಪದರ ಕರಗತೊಡಗಿತು. ಬಚ್ಚಲು ತೊಳೆಯುವ ಆಸಿಡ್ಡನ್ನು ಇದಕ್ಕೆ ಬಳಸಕೂಡದು. ಅದು ಲೋಹವನ್ನೂ ತಿನ್ನುತ್ತದೆ. ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ತೊಟ್ಟಿಯನ್ನು ಕಾಪಾಡುವ ಮೆಗ್ನೀಸಿಯಂ ಕಡ್ಡಿ ಸವೆದಿತ್ತು; ಅದನ್ನೂ ಗ್ಯಾಸ್ಕೆಟನ್ನೂ ಹೊಸದು ಹಾಕಿದನು. ಬಿಸಿನೀರಿನ ನಲ್ಲಿಯಲ್ಲಿ ಧಾರೆ ತುಂಬಿ ಬರುವವರೆಗೂ ಸ್ವಿಚ್ ಹಾಕಬಾರದೆಂದು ಎಚ್ಚರಿಸಿದನು. ಖಾಲಿ ತೊಟ್ಟಿಯಲ್ಲಿ ಎಲಿಮೆಂಟು ಸುಟ್ಟುಹೋಗುತ್ತದೆ. ವಿದ್ಯುತ್ತು, ನೀರು ಎರಡೂ ಕೂಡುವ ಈ ಕೆಲಸವನ್ನು ಬಲ್ಲವರಿಗೇ ಬಿಡುವುದು ಕ್ಷೇಮ. ಗಡಸು ನೀರಿನ ಮನೆಯವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಿದರೆ ಒಳ್ಳೆಯದು.

ಓದುಗರು ಗಮನದಲ್ಲಿಡಬೇಕಾದ ಸದ್ದುಗಳು ಇನ್ನೂ ಕೆಲವಿವೆ. ಆಗಾಗ ಒಂದು ‘ಟಕ್’ ಎಂದರೆ ಥರ್ಮೋಸ್ಟಾಟಿನ ಸಹಜ ಸದ್ದು. ನಲ್ಲಿಯನ್ನು ತಟ್ಟನೆ ನಿಲ್ಲಿಸಿದಾಗ ‘ಧಡ್’ ಎಂದರೆ ಪೈಪಿನಲ್ಲಿ ಓಡುತ್ತಿದ್ದ ನೀರಿನ ಹೊಡೆತ. ಆದರೆ ನಲ್ಲಿಯಲ್ಲಿ ನೀರಿನೊಡನೆ ಆವಿ ಬುಸುಗುಟ್ಟಿದರೆ ಒಂದು ಕ್ಷಣವೂ ತಡಮಾಡದೆ ಮೇನ್ ಸ್ವಿಚ್ಚನ್ನು ಆರಿಸಿ, ಬಚ್ಚಲಿನಿಂದ ಹೊರಬನ್ನಿ.

ಮರುದಿನ ಗೀಸರು ಸದ್ದಿಲ್ಲದೆ ಕಾಯಿತು. ನಿಂಬೆ ಉಪ್ಪಿನ ಕಥೆಯನ್ನು ಕೇಳಿದ ಅಮ್ಮ ನಕ್ಕುಬಿಟ್ಟರು. “ಹಂಡೆಯ ಒಳಗೂ ಇದೇ ಬಿಳಿ ಕಟ್ಟುತ್ತಿತ್ತು. ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಹುಳಿಯ ಕೆಲಸ ಅಂತ ನನ್ನನ್ನೇ ಕೇಳಬಾರದಿತ್ತೇ?”

ರಾಯರು ಮಾತ್ರ ಈಗಲೂ ವಾಲ್ವಿನ ಹನಿಯನ್ನು ಅನುಮಾನದಿಂದಲೇ ನೋಡುತ್ತಾರೆ.