ಗುಳೆ ಹೋಗಿ ಬಂದ ಹುಡುಗಿಗೆ ಯಾವ ಬೋರ್ಡ್ ಪರೀಕ್ಷೆ?

2024ರ ಮಾರ್ಚ್ ತಿಂಗಳನ್ನು ನಮ್ಮ ಶಾಲೆಗಳು ಇನ್ನೂ ಮರೆತಿಲ್ಲ. 5, 8 ಮತ್ತು 9ನೇ ತರಗತಿಗೆ ಬೋರ್ಡ್ ಪರೀಕ್ಷೆ ನಡೆಸುವ ಸರ್ಕಾರದ ಆದೇಶವನ್ನು ಹೈಕೋರ್ಟಿನ ಏಕಸದಸ್ಯ ಪೀಠ 6ರಂದು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹೈಕೋರ್ಟ್ ಮತ್ತೆ ಒಪ್ಪಿದ ಮೇಲೆ ಉಳಿದ ವಿಷಯಗಳನ್ನು ತಿಂಗಳ ಕೊನೆಗೆ ಬರೆಸಿದ್ದಾಯಿತು. ಏಪ್ರಿಲ್ 8ಕ್ಕೆ ಫಲಿತಾಂಶ ಬರಬೇಕೆನ್ನುವಷ್ಟರಲ್ಲಿ ಅದಕ್ಕೂ ತಡೆ ಬಿತ್ತು. ಖಾಸಗಿ ಶಾಲೆಗಳ ಸಂಘಟನೆ ಒಂದು ಕಡೆ, ಶಿಕ್ಷಣ ಇಲಾಖೆ ಇನ್ನೊಂದು ಕಡೆ. ಕೊಪ್ಪಳ ಜಿಲ್ಲೆಯ ನಮ್ಮ ಯಲಬುರ್ಗಾ ತಾಲ್ಲೂಕಿನ ಸರ್ಕಾರಿ ಸಾಲಿಯ ಕೂಸಿನ ಪರವಾಗಿ ಅಲ್ಲಿ ನಿಂತವರು ಯಾರೂ ಕಾಣಲಿಲ್ಲ.

ಆ ಕೂಸಿನ ವರ್ಷ ಹೇಗಿರುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ಹೇಳಲೇಬೇಕು. ನಮ್ಮದು ಮಳೆ ನಂಬಿದ ಎರೆಭೂಮಿ. ಮುಂಗಾರು ಕೈಕೊಟ್ಟು, ಹಿಂಗಾರಿಯ ಕಡಲೆ, ಜೋಳಕ್ಕೂ ಹಸಿ ಸಾಲದಿದ್ದರೆ ಮನೆಗೆ ಬೀಗ ಹಾಕಿ ಮಂಗಳೂರು, ಗೋವಾ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಜ್ಜಿ ಗಟ್ಟಿ ಇದ್ದರೆ ಮಕ್ಕಳು ಊರಲ್ಲಿ, ಇಲ್ಲದಿದ್ದರೆ ಅವ್ವ ಅಪ್ಪನ ಜೊತೆ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ. ಹಾಗೆ ಮೂರು ನಾಲ್ಕು ತಿಂಗಳು ಹೋಗಿ ಬಂದ ಐದನೇ ತರಗತಿಯ ಹುಡುಗಿಗೆ ಪಗಾರದ ಲೆಕ್ಕ ಬಾಯಲ್ಲೇ ಬರುತ್ತದೆ: ದಿನಕ್ಕೆ ಇಷ್ಟು, ಹನ್ನೆರಡು ದಿನ, ಮುಂಗಡ ಕಳೆದು ಎಷ್ಟು. ಅದೇ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಸಾಲಾಗಿ ಅಚ್ಚಾದರೆ ಅವಳು ಎರಡನೇ ಸಾಲಿನಲ್ಲೇ ನಿಲ್ಲುತ್ತಾಳೆ. ಅವಳಿಗೆ ತೊಡಕಾಗಿರುವುದು ಓದು, ಗಣಿತವಲ್ಲ. ಅಂಕಪಟ್ಟಿ ಮಾತ್ರ ಗಣಿತದ ಮುಂದೆ ಕಡಿಮೆ ಅಂಕ ಬರೆದು ಕೈತೊಳೆದುಕೊಳ್ಳುತ್ತದೆ.

ಹಾಗಾದರೆ ಬೋರ್ಡ್ ಪರೀಕ್ಷೆ ಬೇಡ ಎಂದವರು ಸರಿಯೇ? ಅರ್ಧ ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಕೂಡದು ಎಂದಿತು, ಅದರ ಜಾಗದಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಲಿ ಎಂದಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಶಾಲೆಗೆ ಬರುವಷ್ಟರಲ್ಲಿ ಅದು ನಾಲ್ಕು ಎಫ್‌ಎ (ರೂಪಣಾತ್ಮಕ), ಎರಡು ಎಸ್‌ಎ (ಸಂಕಲನಾತ್ಮಕ) ಎಂಬ ಕಾಲಂಗಳಾಯಿತು. ಎಫ್‌ಎ-2ರಲ್ಲಿ ಮಗು ಗುಣಾಕಾರದಲ್ಲಿ ಎಡವಿದೆ ಎಂದು ಗೊತ್ತಾದರೆ ಎಫ್‌ಎ-3ಕ್ಕೆ ಮೊದಲು ಗುಣಾಕಾರ ಮತ್ತೆ ಕಲಿಸಬೇಕು ತಾನೇ? ಎಷ್ಟು ಶಾಲೆಗಳಲ್ಲಿ ಇದು ನಡೆದೀತು? ಎರಡು ತರಗತಿ ಒಟ್ಟಿಗೆ ಕೂರಿಸಿಕೊಂಡ ಅಕ್ಕೋರಿಗೆ ಬಿಸಿಯೂಟ, ಹಾಲು, ಮೊಟ್ಟೆಗಳ ಲೆಕ್ಕ ಬೇರೆ. ಇಲಾಖೆಯ ಎಸ್‌ಎಟಿಎಸ್ ಪೋರ್ಟಲ್‌ಗೆ ಅಂಕ ಏರಿಸಲು ಕೊನೆಯ ದಿನಾಂಕ ಇರುತ್ತದೆ, ಗುಣಾಕಾರ ಕಲಿಸಲು ಯಾರೂ ದಿನಾಂಕ ಕೊಡುವುದಿಲ್ಲ. 2025-26ರಲ್ಲಿ ಬಂದ ಪಾಠ ಆಧಾರಿತ ಮೌಲ್ಯಾಂಕನದ ಬಗ್ಗೆ ಶಿಕ್ಷಕರು ಗೊಣಗಿದ್ದೂ ಇದೇ ಕಾರಣಕ್ಕೆ. ಅವರನ್ನು ಮೈಗಳ್ಳರೆಂದು ಬೈಯುವುದು ಸುಲಭ.

ಮೇಲಿನ ಹಂತದಲ್ಲಿ ನಡೆದದ್ದು ಇನ್ನೂ ವಿಚಿತ್ರ. 2024ರ ಎಸ್ಸೆಸ್ಸೆಲ್ಸಿಗೆ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಬಂದವು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ, ಶೇ 73.40ಕ್ಕೆ ಇಳಿಯಿತು. ಆ ವರ್ಷ ಕೊನೆಯ ಸ್ಥಾನ ಯಾದಗಿರಿಗೆ, ಮರುವರ್ಷ ಕಲಬುರಗಿಗೆ. ಎರಡೂ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳೇ. ಕ್ಯಾಮೆರಾ ಇಟ್ಟದ್ದು ತಪ್ಪಲ್ಲ, ನಕಲು ಬಡವರ ಮಕ್ಕಳಿಗೆ ಮಾಡಿದ ಉಪಕಾರವಾಗಿರಲಿಲ್ಲ. ಆದರೆ ಕ್ಯಾಮೆರಾ ತೋರಿಸಿದ್ದು ಹತ್ತು ವರ್ಷ ನಾವು ತುಂಬಿದ ಕಾಲಂಗಳು ಪೊಳ್ಳು ಎಂಬುದನ್ನು. ಅದಕ್ಕೆ ಸರ್ಕಾರದ ಉತ್ತರವೇನು? 2025-26ರಿಂದ ಪಾಸಿನ ಗಡಿ 35ರಿಂದ 33. ಇದರಿಂದ ಇಲಾಖೆಯ ಫಲಿತಾಂಶ ಒಂದಿಷ್ಟು ಹತ್ತಿ ಬಂದೀತು, ಹುಡುಗಿಗೆ ಆ ಎರಡನೇ ಸಾಲು ದಾಟಲು ಬಂದೀತೇ?

ನಮ್ಮದೇ ಸರ್ಕಾರಿ ಶಾಲೆಯೊಳಗೆ ಇದಕ್ಕೊಂದು ದಾರಿ ಇದೆ, ಅದನ್ನು ಮೂರನೇ ತರಗತಿಗೇ ನಿಲ್ಲಿಸಿಬಿಟ್ಟಿದ್ದೇವೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ, 2009-10ರಲ್ಲಿ ರಾಜ್ಯದ ತುಂಬ ಹರಡಿದ ನಲಿ-ಕಲಿ. ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಐದು ತಟ್ಟೆಗಳ ಸುತ್ತ ಮಕ್ಕಳು, ಕೈಯಲ್ಲಿ ಪ್ರಾಣಿ, ಪಕ್ಷಿ ಚಿತ್ರದ ಕಾರ್ಡು. ಮಗು ಎರಡು ತಿಂಗಳು ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ, ಮೌಲ್ಯಮಾಪನ ಆ ಮೆಟ್ಟಿಲಿನಲ್ಲೇ ಕೂತಿದೆ. (ನಲಿ-ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ, ಹರಿದ ಕಾರ್ಡುಗಳನ್ನು ಎಲ್ಲರೂ ನೋಡಿದ್ದೇವೆ.) ನಾಲ್ಕನೇ ತರಗತಿಗೆ ಬಂದ ದಿನ ಏಣಿ ಮಾಯ. ಅಲ್ಲಿಂದ ಪಾಠ ಮುಂದೆ ಓಡುತ್ತದೆ, ಗುಳೆ ಹೋದವರು ಹಿಂದೆ ಉಳಿಯುತ್ತಾರೆ.

ಆ ಏಣಿಯನ್ನು ಏಳನೇ ತರಗತಿಯವರೆಗೆ, ಓದು ಮತ್ತು ಲೆಕ್ಕ ಎರಡಕ್ಕೆ ಮಾತ್ರವಾದರೂ, ಒಯ್ಯಿರಿ. ಮಗು ಊರಿಗೆ ಮರಳಿದ ವಾರದಲ್ಲೇ ಒಂದು ಪುಟ ಓದಿಸಿ ಕೇಳಿ, ನಾಲ್ಕು ಲೆಕ್ಕ ಬಾಯಲ್ಲಿ ಕೇಳಿ, ಎಲ್ಲಿ ನಿಂತಿದೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಮಗುವಿನ ಜೊತೆ ಮಂಗಳೂರಿನ ಶಾಲೆಗೂ ಹೋಗಲಿ. ಊರಿನ ಎದುರು ಕಲಿಕೆ ನೋಡುವುದು ನಮಗೆ ಹೊಸದೇನಲ್ಲ: ಅಕ್ಷರ ಫೌಂಡೇಶನ್ನಿನವರ ಗ್ರಾಮ ಪಂಚಾಯಿತಿ ಗಣಿತ ಸ್ಪರ್ಧೆಯಲ್ಲಿ 4, 5, 6ನೇ ತರಗತಿಯ ಮಕ್ಕಳು ಊರಲ್ಲೇ ಕೂತು ಬರೆಯುತ್ತಾರೆ. ಸಹಿ ಮಾಡಲು ಬಾರದ ಅವ್ವನಿಗೆ ಅಂಕಪಟ್ಟಿಯ ಗ್ರೇಡ್ ಏನೂ ಹೇಳುವುದಿಲ್ಲ, ಮಗಳು ಓದುವುದು ಕಿವಿಗೆ ಬಿದ್ದರೆ ಎಲ್ಲ ತಿಳಿಯುತ್ತದೆ.

ಹಿಂದುಳಿದವರಿಗೆ ಹಗುರ ಅಳತೆ ಕೇಳುತ್ತಿದ್ದೀರಿ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಹಗುರ ಅಳತೆ ಎಂದರೆ 33. ಪ್ರತಿ ಮಗುವನ್ನೂ ಕೂರಿಸಿ ಕೇಳುವುದು ಎಲ್ಲಕ್ಕಿಂತ ಕಠಿಣ ಪರೀಕ್ಷೆ, ಅದರಲ್ಲಿ ಮಗುವಿಗಿಂತ ಮೊದಲು ವ್ಯವಸ್ಥೆ ಸಿಕ್ಕಿಬೀಳುತ್ತದೆ. ಕೂರಿಸಿ ಕೇಳಲು ಶಿಕ್ಷಕರು ಬೇಕು, ನಮ್ಮಲ್ಲಿ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತೇಪೆ ಹಚ್ಚಿ ವರ್ಷ ತಳ್ಳುತ್ತಿದ್ದೇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ ಎಂದು ಹೆಸರಿಟ್ಟು ಶಿಕ್ಷಣಕ್ಕೆ ಹಣ ತೆಗೆದಿಟ್ಟಿದೆ. ಅದರಲ್ಲಿ ಯಲಬುರ್ಗಾ, ಕುಕನೂರು, ಕುಷ್ಟಗಿಯ ಗುಳೆ ಊರುಗಳಿಗೆ ಶಿಕ್ಷಕರನ್ನು ಕೊಡಿ, ಜೂನ್‌ಗೆ ಮೊದಲೇ ಕೊಡಿ.